‘ಡಾಜಿ’ ಪರೀಕ್ಷೆ: ಆನ್‌ಲೈನ್ ಇಂಗ್ಲಿಷ್ ಡಿಕ್ಷನರಿಗಳಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ?

ಇಂಗ್ಲಿಷ್ ಡಿಕ್ಷನರಿಯನ್ನು ಒರೆಗೆ ಹಚ್ಚಲು ‘ಡಾಜಿ’ಯಂಥ ಒಂದು ಆಡುಮಾತಿನ ಗುಣವಾಚಕ ಸಾಕು. ಸ್ಪೆಲ್ಲಿಂಗ್ ಡಿ-ಒ-ಡಿ-ಜಿ-ವೈ. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಎಲ್ಲರ ಬಾಯಲ್ಲೂ ಇರುವ ಪದ. ಅಲ್ಲಿನ ಕ್ಲೈಂಟ್‌ಗಳ ಜೊತೆ ಕೆಲಸ ಮಾಡುವ ಬೆಂಗಳೂರಿನವರಿಗೂ ಮೀಟಿಂಗ್‌ಗಳಲ್ಲಿ ಎದುರಾಗುತ್ತದೆ.

ತೊಡಕು ಎಲ್ಲಿ ಅಂದರೆ, ಮುಂದೆ ಯಾವ ನಾಮಪದ ಬಂತು ಎನ್ನುವುದರ ಮೇಲೆ ಇದರ ಅರ್ಥ ಬದಲಾಗುತ್ತದೆ. ‘ಡಾಜಿ ಡೀಲ್’ ಅಂದರೆ ಗೋಲ್‌ಮಾಲ್ ವ್ಯವಹಾರ. ‘ಡಾಜಿ ವೈರಿಂಗ್’ ಅಂದರೆ ಯಾವಾಗ ಕೈಕೊಡುತ್ತದೋ ಹೇಳಲಾಗದ ವೈರಿಂಗ್. ‘ಡಾಜಿ ನೀ’ ಅಂದರೆ ಆಗಾಗ ಕಾಟ ಕೊಡುವ ಮೊಣಕಾಲು, ಪಾಪ, ಅದು ಯಾರಿಗೂ ಮೋಸ ಮಾಡಿಲ್ಲ. ರಾತ್ರಿ ಒಬ್ಬರೇ ಹೋಗಲು ಹಿಂಜರಿಯುವ ಏರಿಯಾ ಕೂಡ ಡಾಜಿಯೇ. ‘ಅನುಮಾನಾಸ್ಪದ’ ಎಂದು ಒಂದೇ ಪದ ಬಾಯಿಪಾಠ ಮಾಡಿಕೊಂಡವರಿಗೆ ಇವುಗಳಲ್ಲಿ ಅರ್ಧ ಅರ್ಥವಾಗುವುದಿಲ್ಲ. ನಿಮ್ಮ ಕೋಡ್ ಡಾಜಿಯಾಗಿದೆ ಎಂದು ಕ್ಲೈಂಟ್ ಅಂದರೆ ಅದು ಭರವಸೆಗೆ ಆಗುವಂತಿಲ್ಲ ಎಂದಷ್ಟೇ. ನಿಮ್ಮ ಪ್ರಾಮಾಣಿಕತೆಯ ಮಾತಲ್ಲ.

ಮೊದಲು ತೆರೆಯಬೇಕಾದದ್ದು ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರೀಸ್ ವೆಬ್‌ಸೈಟ್. ದುಡ್ಡು ಬೇಡ, ಜಾಹೀರಾತು ಸಹಿಸಿಕೊಳ್ಳಬೇಕು. ಮೋಸ, ಕೆಟ್ಟ ಸ್ಥಿತಿ, ಅಪಾಯ ಎಂದು ಮೂರು ಅರ್ಥಗಳನ್ನು ಬೇರೆ ಬೇರೆ ನಂಬರ್ ಕೊಟ್ಟು ಬಿಡಿಸಿದ್ದಾರೆ. ವಿವರಣೆಯ ಇಂಗ್ಲಿಷ್ ಸರಳ. ಅರ್ಥಕ್ಕೂ ಮೊದಲು ಕಣ್ಣು ಹಾಯಿಸಬೇಕಾದದ್ದು ಪಕ್ಕದ ಲೇಬಲ್ ಮೇಲೆ: ‘ಬ್ರಿಟಿಷ್ ಇಂಗ್ಲಿಷ್, ಇನ್‌ಫಾರ್ಮಲ್’. ಈ ಎರಡು ಮಾತು ಓದದೆ ಹೋದವರೇ ಕೆಲಸದ ಅರ್ಜಿಯಲ್ಲಿ, ಲೀಗಲ್ ನೋಟಿಸ್‌ನಲ್ಲಿ ಈ ಪದ ಹಾಕಿ ಪೇಚಿಗೆ ಸಿಕ್ಕುವುದು. ಧ್ವನಿಯನ್ನೂ ಒತ್ತಿ ಕೇಳಿ. ಡಿ, ಜಿ ಎರಡೂ ಸೇರಿ ‘ಜ’ ಆಗುತ್ತದೆ, ನಡುವೆ ಇನ್ನೊಂದು ‘ಡ್’ ಇಲ್ಲ. ಬ್ರಿಟಿಷ್ ಉಚ್ಚಾರಣೆಯಲ್ಲಿ ಮೊದಲ ಸ್ವರ ಗಿಡ್ಡ, ತುಟಿ ಸ್ವಲ್ಪ ದುಂಡಗೆ. ಅಮೆರಿಕನ್‌ನಲ್ಲಿ ಅದೇ ನಮ್ಮ ‘ಡಾ’ಗೆ ಹತ್ತಿರ.

ಆದರೆ ಈ ಪದದ ಮಟ್ಟಿಗೆ ನಮ್ಮ ಮೊದಲ ಅಂಕ ಕಾಲಿನ್ಸ್‌ಗೆ. ಅದರ ಕೋಬಿಲ್ಡ್ ಡಿಕ್ಷನರಿ 1987ರಿಂದಲೂ ಅರ್ಥವನ್ನು ಪೂರ್ತಿ ವಾಕ್ಯದಲ್ಲೇ ಹೇಳುತ್ತದೆ: ಒಬ್ಬರನ್ನು ನೀವು ಡಾಜಿ ಎಂದರೆ, ಅವರು ಅಷ್ಟೇನೂ ಪ್ರಾಮಾಣಿಕರಲ್ಲ ಅನ್ನಿಸಿ ನಿಮಗೆ ಅವರು ಹಿಡಿಸಿಲ್ಲ ಎಂದರ್ಥ, ಹೀಗೆ. ಆಡುವವರ ಮನಸ್ಸಿನಲ್ಲಿ ಏನಿದೆ ಎನ್ನುವುದೂ ಅರ್ಥದ ಜೊತೆಗೇ ಸಿಗುತ್ತದೆ. ಅಸಮ್ಮತಿ ಸೂಚಿಸುವ ಲೇಬಲ್ ಕೂಡ ಇದೆ. ವ್ಯಕ್ತಿಯ ಹೆಸರಿನ ಪಕ್ಕ ಈ ಪದ ಬರೆದರೆ ಅದು ಆರೋಪ ಎಂದು ಅದನ್ನು ನೋಡಿದವರಿಗೆ ಗೊತ್ತಾಗುತ್ತದೆ. ಹೃದಯ, ಮೊಣಕಾಲಿನ ಬಳಕೆಗೆ ಬೇರೆಯೇ ಅರ್ಥ ಕೊಟ್ಟಿದ್ದಾರೆ. ಕಿರಿಕಿರಿ ಒಂದೇ: ಒಂದೇ ಪುಟದಲ್ಲಿ ಕೋಬಿಲ್ಡ್, ಬ್ರಿಟಿಷ್, ಅಮೆರಿಕನ್ ಡಿಕ್ಷನರಿಗಳನ್ನು ಸಾಲಾಗಿ ಪೇರಿಸಿದ್ದಾರೆ. ಮೊಬೈಲ್‌ನಲ್ಲಿ ಯಾವುದರೊಳಗೆ ಇದ್ದೇವೆ ಎನ್ನುವುದೇ ತಪ್ಪಿಹೋಗುತ್ತದೆ. ಕೋಬಿಲ್ಡ್ ಭಾಗ ಮುಗಿದ ಕೂಡಲೇ ನಿಲ್ಲಿಸಿ.

ಕೇಂಬ್ರಿಜ್ ಕೂಡ ಚೆನ್ನಾಗಿದೆ. ಲಾಗಿನ್ ಆದರೆ ಪದಗಳ ಪಟ್ಟಿ ಮಾಡಿಟ್ಟುಕೊಳ್ಳಬಹುದು. ಕೆಳಗಡೆ ಬರುವ ಹೆಚ್ಚುವರಿ ಉದಾಹರಣೆಗಳ ಬಗ್ಗೆ ಮಾತ್ರ ಹುಷಾರು: ಅವು ಪಾರ್ಲಿಮೆಂಟ್ ದಾಖಲೆ, ವಿಕಿಪೀಡಿಯಗಳಿಂದ ಹೆಕ್ಕಿದವು, ಕಲಿಯುವವರಿಗಾಗಿ ಬರೆದವಲ್ಲ. ಅನುಕರಿಸಲು ಮೇಲಿನ ಸಂಪಾದಿತ ವಾಕ್ಯಗಳೇ ಸಾಕು.

ಮೆರಿಯಂ-ವೆಬ್‌ಸ್ಟರ್ ಒಳ್ಳೆಯ ಡಿಕ್ಷನರಿಯೇ, ಈ ಕೆಲಸಕ್ಕೆ ಮಾತ್ರ ಅಲ್ಲ. ಅದು ಅರ್ಥಗಳನ್ನು ಜೋಡಿಸುವುದು ಇತಿಹಾಸದ ಕ್ರಮದಲ್ಲಿ, ಹಳೆಯದು ಮೊದಲು. ಹಾಗಾಗಿ ‘ನುಣುಚಿಕೊಳ್ಳುವ’ ಎಂಬ ಅರ್ಥ ತಲೆಯ ಮೇಲೆ ಬಂದು ಕೂತಿದೆ. ‘ಡಾಜ್’ ಎಂಬ ಕ್ರಿಯಾಪದಕ್ಕೆ ವೈ ಸೇರಿ 19ನೇ ಶತಮಾನದಲ್ಲಿ ಹುಟ್ಟಿದ ಪದವಾದ್ದರಿಂದ ಅದು ಸರಿಯೇ. ಇವತ್ತಿನ ಬಳಕೆ ಬೇಕಾದವರಿಗೆ ದಾರಿ ತಪ್ಪಿಸುತ್ತದೆ. ಮೊದಲ ಸಾಲು ಓದಿ ಟ್ಯಾಬ್ ಮುಚ್ಚುವ ಅಭ್ಯಾಸ ಇರುವವರು ಇದರಿಂದ ದೂರ ಇರಿ. ಅಮೆರಿಕದಲ್ಲಿ ಇದೇ ಜಾಗಕ್ಕೆ ಹೆಚ್ಚಾಗಿ ಬರುವುದು ‘ಸ್ಕೆಚಿ’ ಅಥವಾ ‘ಶೇಡಿ’.

ಇನ್‌ಫಾರ್ಮಲ್ ಅಂದರೆ ಕೀಳು ಭಾಷೆ ಎಂದುಕೊಳ್ಳಬೇಕಿಲ್ಲ. 2003ರ ಫೆಬ್ರವರಿಯಲ್ಲಿ ಇರಾಕ್ ಬಗ್ಗೆ ಬ್ರಿಟಿಷ್ ಸರ್ಕಾರ ಹೊರಡಿಸಿದ ದಾಖಲೆಯ ಒಂದಷ್ಟು ಭಾಗ ವಿದ್ಯಾರ್ಥಿಯೊಬ್ಬರ ಲೇಖನದಿಂದ ನಕಲಾಗಿತ್ತು ಎಂದು ಬಯಲಾದಾಗ, ಅದಕ್ಕೆ ಅಂಟಿಕೊಂಡ ಹೆಸರೇ ‘ಡಾಜಿ ಡೋಸಿಯೆ’. ಗಂಭೀರ ಪತ್ರಿಕೆಗಳೂ ಹಾಗೇ ಬರೆದವು.

ಬಳಸುವಾಗ ‘ಎ ಬಿಟ್ ಡಾಜಿ’ ಎಂದು ಮೆತ್ತಗೆ ಹೇಳುವುದು ಬ್ರಿಟಿಷರ ರೂಢಿ. ಆ ‘ಬಿಟ್’ ನಂಬಿ ಸಮಸ್ಯೆ ಸಣ್ಣದು ಎಂದುಕೊಳ್ಳಬೇಡಿ. ತರ-ತಮ ರೂಪ ಬರೆಯುವಾಗ ವೈ ಹೋಗಿ ಐ ಬರುತ್ತದೆ, ‘ಮೋರ್ ಡಾಜಿ’ ಕಿವಿಗೆ ಒಗ್ಗುವುದಿಲ್ಲ. ಕನ್ನಡಕ್ಕೆ ತರುವಾಗ ನಾಮಪದ ನೋಡಿಯೇ ಪದ ಆರಿಸಿ: ಡೀಲ್ ಆದರೆ ಗೋಲ್‌ಮಾಲ್, ಗಾಡಿ ಆದರೆ ಕೈಕೊಡುವ, ಹೊಟ್ಟೆ ಆದರೆ ಬರೀ ‘ಸರಿಯಿಲ್ಲ’.

ಅರ್ಬನ್ ಡಿಕ್ಷನರಿಯಲ್ಲಿ ಯಾರು ಬೇಕಾದರೂ ಅರ್ಥ ಬರೆಯಬಹುದು, ಓಟು ಬಿದ್ದದ್ದು ಮೇಲೇರುತ್ತದೆ. ಹೊಸ ಸ್ಲ್ಯಾಂಗ್‌ಗೆ ಸರಿ, ಆಫೀಸ್ ಮೇಲ್‌ಗೆ ಬೇಡ. ಇನ್ನು ಮ್ಯಾಕ್‌ಮಿಲನ್‌ನ ಆನ್‌ಲೈನ್ ಡಿಕ್ಷನರಿ 2023ರಲ್ಲೇ ಮುಚ್ಚಿದೆ, ಹಳೆಯ ಬುಕ್‌ಮಾರ್ಕ್ ಇದ್ದರೆ ಅಳಿಸಿಬಿಡಿ.