ಲಸಾಲ್ ರೀತಿಯೋ, ಡಾನ್ ಬಾಸ್ಕೊ ರೀತಿಯೋ? ಯಾದಗಿರಿಯ ಸಂಜೆ ಶಾಲೆಯಲ್ಲಿ ಮಾಡಿ ನೋಡಿದ್ದು

ಯಾದಗಿರಿಯ ಓಣಿಯೊಂದರಲ್ಲಿ ನಾವು ಕೆಲವು ಗೆಳೆಯರು ಸಂಜೆ ಶಾಲೆ ನಡೆಸುತ್ತೇವೆ. ಬರುವವರೆಲ್ಲ ಗುಳೆ ಹೋಗುವ ಮನೆಗಳ ಮಕ್ಕಳು. ಹತ್ತಿ ಬಿಡಿಸುವ ಕಾಲ ಬಂತೆಂದರೆ ಅರ್ಧಕ್ಕರ್ಧ ಮಕ್ಕಳು ಹೊಲದಲ್ಲಿರುತ್ತಾರೆ. ಏಳನೇ ಕ್ಲಾಸಿಗೆ ಬಂದರೂ ಒತ್ತಕ್ಷರ ಓದಲು ತಡವರಿಸುವವರು ಇದ್ದಾರೆ.

ಬಡ ಮಕ್ಕಳಿಗೆ ಕಲಿಸುವುದಕ್ಕೆಂದೇ ಹುಟ್ಟಿದ ಎರಡು ಕ್ಯಾಥೊಲಿಕ್ ಸಂಸ್ಥೆಗಳ ರೀತಿಯನ್ನು ಇಲ್ಲಿ ಒಂದಾದ ಮೇಲೊಂದು ಮಾಡಿ ನೋಡಿದೆವು. ಧರ್ಮದ ಪಾಠ ನಮ್ಮಲ್ಲಿಲ್ಲ, ಕಲಿಸುವ ಕ್ರಮವನ್ನಷ್ಟೇ ತೆಗೆದುಕೊಂಡೆವು.

ಮೊದಲು ಮಾಡಿದ್ದು ಲಸಾಲ್ ರೀತಿ. ಫ್ರಾನ್ಸಿನ ರೀಮ್ಸ್ ಊರಿನಲ್ಲಿ 1680ರ ಹೊತ್ತಿಗೆ ಜಾನ್ ಬ್ಯಾಪ್ಟಿಸ್ಟ್ ದ ಲಸಾಲ್ ಎಂಬ ಪಾದ್ರಿ ಮೇಷ್ಟ್ರುಗಳ ಬಳಗ ಕಟ್ಟಿದರು. ಆ ಮೇಷ್ಟ್ರುಗಳು ಪಾದ್ರಿಗಳಲ್ಲ, ಬ್ರದರ್‌ಗಳು. ಅಂದರೆ ಪಾದ್ರಿಯಾಗದೆ, ವ್ರತ ಹಿಡಿದು ಕಲಿಸುವ ಕೆಲಸಕ್ಕೇ ನಿಂತವರು. ಆಗ ಓದು ಶುರುವಾಗುತ್ತಿದ್ದದ್ದು ಲ್ಯಾಟಿನ್‌ನಲ್ಲಿ. ಇವರು ಮಕ್ಕಳಾಡುವ ಫ್ರೆಂಚ್‌ನಲ್ಲೇ ಶುರು ಮಾಡಿಸಿದರು. ಒಬ್ಬೊಬ್ಬರನ್ನೇ ಕರೆದು ಹೇಳಿಕೊಡುವುದನ್ನು ಬಿಟ್ಟು, ಮಟ್ಟ ನೋಡಿ ಗುಂಪು ಮಾಡಿ ಒಟ್ಟಿಗೆ ಕಲಿಸಿದರು. ಮೇಷ್ಟ್ರು ಜಾಸ್ತಿ ಮಾತಾಡಬಾರದು ಅಂತ ಕೈಯಲ್ಲಿ ಸದ್ದು ಮಾಡುವ ಒಂದು ಸಣ್ಣ ಸಾಧನ ಇರುತ್ತಿತ್ತು.

ನಾವೂ ಹಾಗೇ ಗುಂಪು ಮಾಡಿದೆವು. ಸದ್ದಿಗೆ ಕೋಲಾಟದ ಕೋಲು. ಒಂದು ಸದ್ದು ಕೇಳಿದರೆ ಓದಬೇಕು, ಎರಡು ಕೇಳಿದರೆ ನಿಲ್ಲಿಸಬೇಕು. ಇದು ನಿಜಕ್ಕೂ ಕೆಲಸ ಮಾಡಿತು. ಕೂಗಾಟ ನಿಂತಿತು, ಓದು ಸರಸರ ಮುಂದೆ ಹೋಯಿತು. ಮನೆಯಲ್ಲಿ ಲಂಬಾಣಿ, ಉರ್ದು ಮಾತಾಡುವ ಮಕ್ಕಳಿಗೂ ದಿನಾ ಗುಂಪಿನ ಜೊತೆ ಜೋರಾಗಿ ಓದಿ ಓದಿ ಕನ್ನಡ ನಾಲಿಗೆಗೆ ಹತ್ತಿತು.

ಲಸಾಲ್ ಶಾಲೆಗಳಲ್ಲಿ ಇನ್ನೊಂದು ಪದ್ಧತಿ ಇತ್ತು. ಬಾರದ ಮಕ್ಕಳ ಮನೆಗೆ ಹೋಗಿ ವಿಚಾರಿಸುವ ಕೆಲಸ ಮಕ್ಕಳಿಗೇ ಕೊಡುತ್ತಿದ್ದರು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ನಮ್ಮಲ್ಲಿ ಒಂದೊಂದು ಓಣಿಗೆ ಒಬ್ಬೊಬ್ಬರು. ಒಂದು ಸಂಜೆ ಪುಟ್ಟ ಹುಡುಗಿಯೊಬ್ಬಳು ಓಡಿ ಬಂದು, "ಮನೀಗಿ ಕೀಲಿ ಹಾಕ್ಯದರಿ ಸರ, ಪುಣೆಕ್ಕ ಹೋಗ್ಯಾರಂತ" ಅಂದಳು. ಹಾಜರಿ ಪುಸ್ತಕದಲ್ಲಿ ಅದು ಬರೀ ಗೈರು. ಅವಳು ತಂದ ಸುದ್ದಿಯಿಂದ ಪಕ್ಕದ ಮನೆಯವರ ಹತ್ತಿರ ನಂಬರ್ ತಗೊಂಡು ಆ ಮಗುವಿನ ಅಪ್ಪನಿಗೆ ಫೋನ್ ಮಾಡಲು ಆಯಿತು.

ಆದರೆ ಏಳನೇ ಕ್ಲಾಸಿನ ಹುಡುಗನೊಬ್ಬ ಅಕ್ಷರದ ಗುಂಪಿನಲ್ಲಿ ಚಿಕ್ಕವರ ಜೊತೆ ಕೂರಲಾರದೆ ಬರುವುದನ್ನೇ ಬಿಟ್ಟ. ಹೊಲದಿಂದ ಬಂದ ಮಕ್ಕಳು ಆ ನಿಶ್ಶಬ್ದದಲ್ಲಿ ಕೂತಲ್ಲೇ ತೂಕಡಿಸುತ್ತಿದ್ದರು.

ಆಮೇಲೆ ಡಾನ್ ಬಾಸ್ಕೊ ರೀತಿ ಹಿಡಿದೆವು. ಇಟಲಿಯ ಟ್ಯೂರಿನ್‌ನಲ್ಲಿ ಜೈಲು ಸೇರಿದ ಹುಡುಗರನ್ನು ಕಂಡು ಮರುಗಿದ ಪಾದ್ರಿ ಜಾನ್ ಬಾಸ್ಕೊ. ಬೀದಿ ಹುಡುಗರನ್ನು ಸೇರಿಸಿಕೊಂಡು ಊರೆಲ್ಲ ಜಾಗ ಹುಡುಕಿ, 1846ರಲ್ಲಿ ವಾಲ್ಡೊಕೊ ಎಂಬಲ್ಲಿ ಒಂದು ಶೆಡ್ಡಿನಲ್ಲಿ ನೆಲೆ ನಿಂತರು. 1859ರಲ್ಲಿ ಅವರ ಸಲೇಸಿಯನ್ ಸಂಸ್ಥೆ ಹುಟ್ಟಿತು. 1906ರಲ್ಲಿ ಆ ಸಂಸ್ಥೆಯವರು ತಂಜಾವೂರಿಗೆ ಬಂದು ಭಾರತದಲ್ಲಿ ಕೆಲಸ ಶುರು ಮಾಡಿದರು. ಹುಡುಗ ತಪ್ಪು ಮಾಡಿದ ಮೇಲೆ ಹೊಡೆಯುವುದಲ್ಲ, ಮೊದಲಿನಿಂದಲೇ ಅವನ ಜೊತೆಗಿರುವುದು ಅವರ ದಾರಿ. ಅದಕ್ಕೇ ಮೇಷ್ಟ್ರೂ ಮೈದಾನಕ್ಕೆ ಇಳಿಯಬೇಕು. ಮಕ್ಕಳನ್ನು ಪ್ರೀತಿಸಿದರೆ ಸಾಲದು, ಪ್ರೀತಿಸುತ್ತಿದ್ದಾರೆ ಅಂತ ಮಕ್ಕಳಿಗೆ ಗೊತ್ತಾಗಬೇಕು ಎಂದು 1884ರಲ್ಲಿ ರೋಮ್‌ನಿಂದ ಬರೆದ ಪತ್ರದಲ್ಲಿ ಬಾಸ್ಕೊ ಹೇಳುತ್ತಾರೆ.

ನಾವು ಪಾಠಕ್ಕೆ ಮೊದಲು ಲಗೋರಿ, ಕಬಡ್ಡಿ ಇಟ್ಟೆವು. ಬರೀ ನೋಡುತ್ತ ನಿಲ್ಲಲಿಲ್ಲ, ನಾವೂ ಆಡಿದೆವು. ಮಕ್ಕಳು ಹೊತ್ತಿಗೆ ಮುಂಚೆಯೇ ಬಂದು ಬಾಗಿಲಲ್ಲಿ ಕಾಯತೊಡಗಿದರು. ಬಿಟ್ಟು ಹೋಗಿದ್ದ ಆ ಏಳನೇ ಕ್ಲಾಸಿನ ಹುಡುಗ ಕಬಡ್ಡಿಗೆ ಬಂದವನು ಓದಿಗೂ ಕೂತ. ಚಿಕ್ಕವರ ಮುಂದೆ ತಂಡದ ನಾಯಕನಾದ ಮೇಲೆ ಅಕ್ಷರ ಕೇಳುವುದಕ್ಕೆ ಅವನಿಗೆ ನಾಚಿಕೆ ಅನ್ನಿಸಲಿಲ್ಲ. ಮನೆಗೆ ಹೊರಡುವಾಗ ಎರಡು ನಿಮಿಷ ಒಳ್ಳೆಯ ಮಾತು ಹೇಳಿ ಕಳಿಸುವ ಸಲೇಸಿಯನ್ ರೂಢಿಯನ್ನೂ ಹಿಡಿದೆವು.

ಬಾಸ್ಕೊ 1850ರ ದಶಕದಲ್ಲೇ ತಮ್ಮ ಹುಡುಗರನ್ನು ಕೆಲಸಕ್ಕೆ ಸೇರಿಸುವಾಗ ಮಾಲೀಕರ ಹತ್ತಿರ ಕರಾರು ಬರೆಸಿಕೊಳ್ಳುತ್ತಿದ್ದರು. ಹೊಡೆಯಬಾರದು, ರಜೆ ಕೊಡಬೇಕು, ಕೆಲಸ ಕಲಿಸಬೇಕು. ಎಸ್ಸೆಸ್ಸೆಲ್ಸಿ ಫೇಲಾಗಿ ಗ್ಯಾರೇಜ್ ಸೇರಿದ ನಮ್ಮ ದೊಡ್ಡ ಹುಡುಗನಿಗಾಗಿ ಅಂಥದೇ ಒಂದು ಕಾಗದ ಒಯ್ದು ಮಾಲೀಕರ ಮುಂದೆ ಇಟ್ಟೆವು. ಅವರು ಪೂರ್ತಿ ಓದಿ ಸಹಿ ಹಾಕಿದರು. ಈಗ ಆ ಹುಡುಗ ಸಂಜೆ ಆರಕ್ಕೆ ಬಿಡುಗಡೆಯಾಗಿ ಪರೀಕ್ಷೆಗೆ ಓದುತ್ತಿದ್ದಾನೆ.

ಈ ರೀತಿಯ ಕೊರತೆ ಹುಡುಗಿಯರ ವಿಷಯದಲ್ಲಿ ಕಂಡಿತು. ಆಟ ಅಂದರೆ ದೊಡ್ಡ ಹುಡುಗಿಯರನ್ನು ಮನೆಯವರು ಕಳಿಸುವುದಿಲ್ಲ, ರೊಟ್ಟಿ ಬಡಿಯುವ ಹೊತ್ತು ಅದು. ಸರಿಯಾಗಿ ಒಂದು ಗಂಟೆ ಪಾಠ, ಆಮೇಲೆ ಮನೆ ಎಂದ ಲಸಾಲ್ ಕ್ರಮದಲ್ಲಿ ಅವರು ಜಾಸ್ತಿ ಬರುತ್ತಿದ್ದರು. ಬಾಸ್ಕೊ ಕೂಡ ಹುಡುಗಿಯರಿಗಾಗಿ 1872ರಲ್ಲಿ ಮರಿಯ ಮಜ್ಜರೆಲ್ಲೊ ಜೊತೆ ಸಿಸ್ಟರ್‌ಗಳ ಬೇರೆ ಸಂಸ್ಥೆಯನ್ನೇ ಕಟ್ಟಿದರು, ಅಲ್ವಾ?

ಒಂದನ್ನೇ ಆರಿಸಿ ಅಂದರೆ ನನ್ನ ಓಟು ಡಾನ್ ಬಾಸ್ಕೊಗೆ. ಗುಳೆಯಿಂದ ಆಗಷ್ಟೇ ಮರಳಿದ ಮಗುವಿನ ಮುಂದೆ ಮೊದಲ ದಿನವೇ ಪುಸ್ತಕ ಹಿಡಿದರೆ ಅದು ಮರುದಿನ ಬರುವುದಿಲ್ಲ. ಹದಿನೈದು ದಿನ ಆಡಲಿ, ಆಮೇಲೆ ಕೋಲಿನ ಸದ್ದಿಗೆ ಓದುವ ಲಸಾಲ್ ಗುಂಪಿನಲ್ಲಿ ಕೂರಿಸಿ. ಹುಡುಗಿಯರಿಗೆ ಸಂಜೆ ಪಾಠ ಮಾತ್ರ ಇರಲಿ. ಅವರ ಆಟವನ್ನು ನಾವು ಭಾನುವಾರ ಬೆಳಿಗ್ಗೆ ಇಟ್ಟಿದ್ದೇವೆ, ಆ ಹೊತ್ತಿಗಾದರೆ ಮನೆಯವರು ಬೇಡ ಅನ್ನುವುದಿಲ್ಲ.