ರೋಟವೇಟರ್ ಸಾಗಿಸಲು ಲಿಂಕೇಜೋ, ಟ್ರೇಲರೋ, ಲಗೇಜ್ ಗಾಡಿಯೋ?
ದೇವನಹಳ್ಳಿ, ಹೊಸಕೋಟೆ ಕಡೆ ಪಕ್ಕದೂರಿನ ಹೊಲಕ್ಕೆ ಆರಡಿ ರೋಟವೇಟರ್ (ಮಣ್ಣು ಪುಡಿ ಮಾಡುವ ಯಂತ್ರ) ಒಯ್ಯಲು ಟ್ರ್ಯಾಕ್ಟರಿನ ಲಿಂಕೇಜಿನಲ್ಲೇ, ಅಂದರೆ ಹಿಂದಿನ ಎತ್ತುವ ತೋಳುಗಳಲ್ಲೇ, ಎತ್ತಿಕೊಂಡು ಹೋಗುವುದು ಅಗ್ಗ. ಡೀಸೆಲ್ ಬಿಟ್ಟರೆ ಖರ್ಚಿಲ್ಲ. ಆದರೆ ಅಷ್ಟು ಭಾರ ಹಿಂದೆ ನೇತಾಡಿದರೆ ಮುಂಚಕ್ರ ಹಗುರಾಗಿ, ಹಂಪ್ ದಾಟುವಾಗ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಮುಂದೆ ವೇಯ್ಟ್ ಹಾಕಿ, ಎಂಜಿನ್ ಶಕ್ತಿಯನ್ನು ಯಂತ್ರಕ್ಕೆ ಕೊಡುವ ಪಿಟಿಒ ಶಾಫ್ಟ್ ಬಿಚ್ಚಿಡಿ, ಯಂತ್ರ ಪಕ್ಕಕ್ಕೆ ಓಲಾಡದಂತೆ ತಡೆಯುವ ಚೆಕ್ ಚೈನ್ ಬಿಗಿ ಮಾಡಿ. ಎಡ, ಬಲ ಚಕ್ರದ ಎರಡೂ ಬ್ರೇಕ್ ಪೆಡಲ್ ಸೇರಿಸಿ ಲಾಕ್ ಮಾಡಲೇಬೇಕು. ವೇಗದಲ್ಲಿ ಒಂದನ್ನೇ ತುಳಿದರೆ ಟ್ರ್ಯಾಕ್ಟರ್ ಆ ಬದಿಗೆ ಎಳೆದು ಮಗುಚಬಹುದು. ಯಂತ್ರ ಹಿಂದಿನ ದೀಪಗಳನ್ನು ಮರೆಮಾಡುತ್ತದೆ. ಹಾಗಾಗಿ ಅದರ ಎರಡೂ ತುದಿಗೆ ಕೆಂಪು ರಿಫ್ಲೆಕ್ಟರ್ ಅಂಟಿಸಿ, ಕತ್ತಲಾದ ಮೇಲೆ ದಯವಿಟ್ಟು ಹೊರಡಬೇಡಿ.

ಜೊತೆಗೆ ಕಲ್ಟಿವೇಟರ್, ಬಿತ್ತನೆ ಕೂರಿಗೆಯೂ ಹೋಗಬೇಕಿದ್ದರೆ ಟ್ರೇಲರ್ ಲೇಸು. ಏರಿಸಲು ಚೈನ್ ಪುಲ್ಲಿ ಬೇಕು. ಎರಡು ಚಕ್ರದ ಟ್ರೇಲರಿನಲ್ಲಿ ಭಾರ ಅಚ್ಚಿಗಿಂತ ತುಸು ಮುಂದಿರಲಿ, ಹಿಂದಾದರೆ ಓಲಾಡುತ್ತದೆ. ಹಗ್ಗ ಸಾಲದು, ಚೈನಿನಿಂದ ಬಿಗಿಯಿರಿ. ಟ್ರೇಲರಿಗೆ ಬ್ರೇಕ್ ಇಲ್ಲದಿದ್ದರೆ ಇಳಿಜಾರಿಗೆ ಮೊದಲೇ ಕೆಳ ಗೇರ್ ಹಾಕಿ. ನ್ಯೂಟ್ರಲ್ ಬೇಡವೇ ಬೇಡ.

ಊರು ದಾಟಿ ರಾಮನಗರ, ಮಂಡ್ಯದತ್ತ ಹೋಗುವವರಿಗೆ ಬಾಡಿಗೆ ಕೊಟ್ಟರೂ ಲಗೇಜ್ ಗಾಡಿಯೇ ಸರಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಟ್ರ್ಯಾಕ್ಟರ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯೇ ಗತಿ. ರೋಟವೇಟರನ್ನು ಉದ್ದುದ್ದ ಇಡಿ, ಬದಿಗೆ ಚಾಚಬಾರದು. ಅಲ್ಲಿ ಹೂಡಲು ಟ್ರ್ಯಾಕ್ಟರ್ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.