ಕತ್ತಿ, ಮಂತ್ರ, ಬಿಲ್ಲು: ಒಂದೇ ಬೆಟ್ಟ ಮೂರು ಸಲ ಹತ್ತಿದ ಲೆಕ್ಕ

ಸ್ಕೈರಿಮ್ ಅನ್ನುವ ಕಂಪ್ಯೂಟರ್ ಆಟದಲ್ಲಿ ಒಂದು ದೊಡ್ಡ ಬೆಟ್ಟ ಇದೆ. ಮೇಲೆ ಮುದಿ ಸನ್ಯಾಸಿಗಳ ಮಠ. ಅಲ್ಲಿಗೆ 7,000 ಮೆಟ್ಟಿಲು ಅಂತಾರೆ, ನಾನು ಎಣಿಸಿಲ್ಲ. ಹತ್ತುವ ದಾರಿಯಲ್ಲಿ ಬಂಡೆಗಳ ಸಂದಿಯಲ್ಲಿ ಹಿಮದ ಟ್ರೋಲ್ ಅನ್ನುವ ರಾಕ್ಷಸ ಪ್ರಾಣಿಯೊಂದು ಕಾಯುತ್ತಾ ಕೂತಿರುತ್ತದೆ. ಬಿಳಿ ಕೂದಲು, ಮೂರು ಕಣ್ಣು, ಮೊಣಕಾಲು ಮುಟ್ಟುವ ಕೈ. ಮೊದಲ ಸಲ ಆಡುವವರು ಖುಷಿಯಾಗಿ ಮೆಟ್ಟಿಲು ಹತ್ತುತ್ತಾ ಹೋಗಿ ಅದರ ಕೈಯಲ್ಲಿ ಸಿಕ್ಕಿಬೀಳುತ್ತಾರೆ. ನಾನೂ ಹಾಗೇ ಬಿದ್ದವನು.

ಈ ವರ್ಷ ಅದೇ ಜಾಗಕ್ಕೆ ಮೂರು ಬೇರೆ ಬೇರೆ ಪಾತ್ರ ಕಟ್ಟಿಕೊಂಡು ಮೂರು ಸಲ ಹೋದೆ. ಒಮ್ಮೆ ಕತ್ತಿ ಗುರಾಣಿ, ಒಮ್ಮೆ ಬರೀ ಮಂತ್ರ, ಒಮ್ಮೆ ಕದ್ದು ಹೊಡೆಯುವ ಬಿಲ್ಲು. ಆಟ ಬಂದಿದ್ದು 2011ರ ನವೆಂಬರ್ 11ಕ್ಕೆ. ಇಷ್ಟು ಹಳೇದನ್ನು ಈಗ ಯಾಕೆ ಅಂದರೆ, ಹುಬ್ಬಳ್ಳಿಯ ನಮ್ಮ ಮನೆಯಲ್ಲಿರುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿಗೆ ಹೊಸ ಆಟ ಹಾಕಿದರೆ ಫ್ಯಾನು ಗಿರಣಿಯಂತೆ ಸದ್ದು ಮಾಡುತ್ತದೆ. ಇದು ಮಾತ್ರ ಸಲೀಸಾಗಿ ಓಡುತ್ತದೆ. ರಾತ್ರಿ ಅಂಗಡಿ ಮುಚ್ಚಿ, ಊಟ ಮುಗಿಸಿ, ಹತ್ತರಿಂದ ಹನ್ನೊಂದೂವರೆ ನನ್ನ ಆಟದ ಹೊತ್ತು. ಹಿಂದೆ ಮಂಚದ ಮೇಲೆ ಅಕ್ಕನ ಮಗ ಕೂತು ಕಾಮೆಂಟರಿ ಹೇಳುತ್ತಾನೆ. ಸೆಕೆಂಡ್ ಪಿಯು. ಪುಸ್ತಕ ತೊಡೆ ಮೇಲೆ, ಕಣ್ಣು ನನ್ನ ಸ್ಕ್ರೀನ್ ಮೇಲೆ.

ಮೂರು ಪಾತ್ರ ಕಟ್ಟಿದ್ದಕ್ಕೂ ಅವನೇ ಕಾರಣ. "ಮಾಮಾ, ನೀ ಏನರ ಕಟ್ಟು, ಕಡೀಕ ಬಿಲ್ಲ ಹಿಡೀತಿ. ಎಲ್ಲಾರೂ ಹಿಡೀತಾರ" ಅಂದ. ಮಾತು ಸುಳ್ಳೇನಲ್ಲ. ಕತ್ತಿಯಲ್ಲಿ ಶುರು ಮಾಡಿದವರೂ ಕೊನೆಗೆ ಬಗ್ಗಿ ಕೂತು ಬಾಣ ಬಿಡುವುದು ಈ ಆಟದ ಹಳೇ ಜೋಕು. ಆದರೂ ಸುಮ್ನೆ ಒಪ್ಪಿಕೊಳ್ಳೋಕೆ ಆಗುತ್ತಾ? ಗಿರ್ಮಿಟ್ಟು ಮಿರ್ಚಿ ಪಂದ್ಯ ಕಟ್ಟಿದೆ.

ಗೊತ್ತಿಲ್ಲದವರಿಗೆ ಒಂದು ಮಾತು. ಇಲ್ಲಿ ಶುರುವಿನಲ್ಲೇ ನೀನು ಯೋಧ, ನೀನು ಮಂತ್ರವಾದಿ ಅಂತ ಯಾರೂ ಕೇಳುವುದಿಲ್ಲ. ಒಟ್ಟು 18 ಸ್ಕಿಲ್. ಯಾವುದನ್ನು ಬಳಸುತ್ತೀರೋ ಅದು ಬೆಳೆಯುತ್ತದೆ. ನಮ್ಮ ಕಡೆ ಗರಡಿ ಮನೆ ಇದ್ದಂಗೆ. ಬಸ್ಕಿ ಹೊಡೆದವನಿಗೆ ತೊಡೆ, ದಂಡ ಹೊಡೆದವನಿಗೆ ರಟ್ಟೆ. ಸ್ಕಿಲ್‌ಗಳು ಬೆಳೆದಂತೆ ಪಾತ್ರದ ಲೆವೆಲ್ ಏರುತ್ತದೆ. ಪ್ರತಿ ಲೆವೆಲ್ಲಿಗೆ ಹೆಲ್ತ್, ಮ್ಯಾಜಿಕಾ (ಮಂತ್ರ ಬಿಡುವ ಶಕ್ತಿ), ಸ್ಟ್ಯಾಮಿನಾ (ದಮ್ಮು) ಮೂರರಲ್ಲಿ ಒಂದಕ್ಕೆ 10 ಅಂಕ, ಜೊತೆಗೆ ಒಂದೇ ಒಂದು ಪರ್ಕ್, ಅಂದರೆ ಒಂದು ಸ್ಕಿಲ್ಲಿಗೆ ಸೇರಿದ ವಿಶೇಷ ವರ. ಆ ಪರ್ಕನ್ನು ಎಲ್ಲಿ ಹಾಕಿದಿರಿ ಅನ್ನುವುದೇ ಆಟ. ಸುಲಭಕ್ಕೆ ವಾಪಸ್ ಬರುವುದಿಲ್ಲ.

ಮೂರಕ್ಕೂ ಅಡೆಪ್ಟ್ ಅನ್ನುವ ನಡುಮಟ್ಟದ ಡಿಫಿಕಲ್ಟಿಯೇ ಇಟ್ಟುಕೊಂಡೆ. ಮೂವರನ್ನೂ ಮೂರು ಕಡೆ ನೋಡಬೇಕು ಅಂದುಕೊಂಡೆ: ಮೊದಲ ಗುಹೆ ಬ್ಲೀಕ್ ಫಾಲ್ಸ್ ಬ್ಯಾರೋ, ವೈಟ್‌ರನ್ ಊರಾಚೆ ಕಾವಲು ಗೋಪುರದ ಡ್ರ್ಯಾಗನ್, ಆಮೇಲೆ ಈ ಟ್ರೋಲ್.

ಕತ್ತಿಯವನು ನಾರ್ಡ್ ಜನಾಂಗದವನು. ಚಳಿಯ ಪೆಟ್ಟು ಅವನಿಗೆ ಅರ್ಧವೇ ತಾಗುತ್ತದೆ. ಇವನ ಬಗ್ಗೆ ಹೇಳುವುದು ಜಾಸ್ತಿ ಇಲ್ಲ, ಅದೇ ಇವನ ಒಳ್ಳೇ ಗುಣ. ಸಿಕ್ಕಿದ್ದೆಲ್ಲ ಉಪಯೋಗಕ್ಕೆ ಬರುತ್ತದೆ. ಕಳ್ಳನ ಕೈಯಿಂದ ಬಿದ್ದ ಕತ್ತಿ, ಸತ್ತವನ ಎದೆಕವಚ, ಎಲ್ಲಾ. ಒಂದು ಕೈ ಕತ್ತಿಯ ಮೊದಲ ಪರ್ಕಿಗೆ ಪೆಟ್ಟು ಶೇ. 20 ಏರುತ್ತದೆ, ಅದೂ ಮೊದಲ ದಿನವೇ ಸಿಗುತ್ತದೆ. ಗುಹೆಯಲ್ಲಿ ಎದ್ದು ಬಂದ ಹೆಣಗಳನ್ನು ಒಂದೊಂದಾಗಿ ಕಡಿದು ಮುಗಿಸಿದೆ. ಡ್ರ್ಯಾಗನ್ ಮಾತ್ರ ತಲೆ ತಿಂದಿತು. ಮೇಲೆ ಹಾರುವುದನ್ನು ಕತ್ತಿಯಲ್ಲಿ ಏನು ಮಾಡುವುದು? ಅದು ಇಳಿಯುವ ತನಕ ಗೋಪುರದ ನೆರಳಲ್ಲಿ ನಿಂತು ಬಸ್ಸು ಕಾದಂತೆ ಕಾದೆ.

ಗುರಾಣಿಯ ಸ್ಕಿಲ್ 30 ಆದಾಗ ಒಂದು ಪರ್ಕ್ ತೆರೆಯುತ್ತದೆ. ಗುರಾಣಿ ಎತ್ತಿ ಹಿಡಿದಾಗ ಎದುರಿನವನು ಜೋರು ಏಟಿಗೆ ಕೈ ಎತ್ತಿದರೆ ಕಾಲವೇ ನಿಧಾನವಾಗುತ್ತದೆ. ಅವನ ಕೊಡಲಿ ಗಾಳಿಯಲ್ಲಿ ತೇಲುತ್ತಾ ಬರುವಾಗ ಆರಾಮಾಗಿ ಪಕ್ಕಕ್ಕೆ ಸರಿದು ಪಕ್ಕೆಗೆ ಹೊಡೆಯಬಹುದು. ಕತ್ತಿ ಹಿಡಿಯುವವರಲ್ಲಿ ಬಹಳ ಜನ ಗುರಾಣಿಯ ಕಡೆ ಪರ್ಕ್ ಹಾಕುವುದೇ ಇಲ್ಲ. ನನಗೆ ಇದರ ರುಚಿ ಹತ್ತಿದ್ದು ತಡವಾಗಿ.

ಟ್ರೋಲ್ ಎದುರಾದಾಗ ಇವನು ಲೆವೆಲ್ 9. ಟ್ರೋಲ್ ಗಾಯ ತಾನೇ ವಾಸಿಯಾಗುತ್ತದೆ, ನಿಂತು ಉಸಿರು ತಗೊಂಡರೆ ಹೊಡೆದದ್ದೆಲ್ಲ ದಂಡ. ಗಾಯಕ್ಕೆ ಕುಡಿಯುವ ಮದ್ದು, ಪೋಷನ್, ಖಾಲಿಯಾಯಿತು. ಹೆಲ್ತ್ ಕೆಂಪು ಗೆರೆಯಷ್ಟು ಉಳಿದಿತ್ತು. ಆಗ ನೆನಪಾಯಿತು, ಲೆವೆಲ್ ಏರಿಸುವುದನ್ನು ಬಾಕಿ ಇಟ್ಟಿದ್ದೆ. ಮೆನು ತೆರೆದು ಲೆವೆಲ್ ಒತ್ತಿದರೆ ಮೂರೂ ಪಟ್ಟಿ ಪೂರ್ತಿ ತುಂಬುತ್ತವೆ. ಒತ್ತಿದೆ, ಗೆದ್ದೆ. ಹಿಂದಿನಿಂದ "ಮೋಸ, ಮೋಸ" ಅಂತ ಕೂಗು. ಆಟವೇ ಕೊಟ್ಟಿದ್ದು, ಮೋಸ ಹೆಂಗಾದೀತು?

ಇನ್ನು ಮಂತ್ರವಾದಿ. ಇವನ ಕೈಯಲ್ಲಿ ನಾನು ಪಟ್ಟ ಪಾಡು ಉಳಿದಿಬ್ಬರ ಕೈಯಲ್ಲೂ ಪಟ್ಟಿಲ್ಲ.

ಬ್ರೆಟನ್ ಜನಾಂಗ ಆರಿಸಿದೆ, ಬೇರೆಯವರ ಮಂತ್ರ ಶೇ. 25 ಕಡಿಮೆ ತಾಗಲಿ ಅಂತ. ಮ್ಯಾಜಿಕಾ ಶುರುವಿಗೆ 100. ವೈಟ್‌ರನ್ ಅರಮನೆಯ ಮಂತ್ರವಾದಿಯ ಹತ್ತಿರ ಫೈರ್‌ಬೋಲ್ಟ್ ಪುಸ್ತಕ ಕೊಂಡೆ. ಬೆಂಕಿಯುಂಡೆ. ಒಂದಕ್ಕೆ 25 ಪೆಟ್ಟು. ಚೆನ್ನಾಗಿದೆ, ಅಲ್ವಾ? ಎರಡು ಎಸೆಯುವಷ್ಟರಲ್ಲಿ ಮ್ಯಾಜಿಕಾ ಮುಗಿಯಿತು. ಕಾದಾಟದ ನಡುವೆ ಅದು ತುಂಬುವ ವೇಗ ಬೇರೆ ಹೊತ್ತಿನ ಮೂರನೇ ಒಂದರಷ್ಟು. ಅಂದರೆ ಎರಡು ಉಂಡೆ ಎಸೆ, ಕಂಬ ಸುತ್ತು ಓಡು, ಮತ್ತೆ ಒಂದು ಎಸೆ, ಮತ್ತೆ ಓಡು. ಡ್ರ್ಯಾಗನ್ ಹತ್ತಿರ ಹೊಡೆದದ್ದೆಲ್ಲ ಕಾವಲುಗಾರರು, ಹೆಸರು ಬಂದಿದ್ದು ನನಗೆ.

ಅದರ ಮೇಲೆ ನಾನೊಂದು ತಪ್ಪು ಮಾಡಿದೆ. ಸಿಕ್ಕ ಪರ್ಕನ್ನೆಲ್ಲ ಹಂಚಿಬಿಟ್ಟೆ. ಬೆಂಕಿಗೊಂದು, ಮೈ ಗಟ್ಟಿ ಮಾಡುವ ಮಂತ್ರಕ್ಕೊಂದು, ಭೂತ ಕರೆಯುವುದಕ್ಕೆರಡು, ವಾಸಿ ಮಾಡುವುದಕ್ಕೊಂದು. ಮದುವೆ ಊಟದಲ್ಲಿ ಎಲ್ಲದರ ರುಚಿ ನೋಡಹೋಗಿ ಯಾವುದರಲ್ಲೂ ಹೊಟ್ಟೆ ತುಂಬದವನ ಗತಿ. ಬೆಂಕಿಯಂಥ ಹೊಡೆಯುವ ಮಂತ್ರಗಳ ಸ್ಕಿಲ್ ಡಿಸ್ಟ್ರಕ್ಷನ್. ಅದು 25 ಆದಾಗ ಸಿಗುವ ಪರ್ಕ್ ಫೈರ್‌ಬೋಲ್ಟ್ ಖರ್ಚನ್ನು ಅರ್ಧಕ್ಕೆ ಇಳಿಸುತ್ತದೆ. ಅದನ್ನೇ ತಗೊಂಡಿರಲಿಲ್ಲ. ಟ್ರೋಲ್‌ಗೆ ಬೆಂಕಿ ಕಂಡರೆ ಆಗುವುದಿಲ್ಲ ಅಂತ ಗೊತ್ತಿತ್ತು, ಆ ಧೈರ್ಯದ ಮೇಲೆ ಹೋದೆ. ನಾಲ್ಕು ಉಂಡೆ ಎಸೆದೆ. ಅದಕ್ಕೆ ಸಿಟ್ಟು ಬಂತು, ಅಷ್ಟೇ. ನಾನು ಮೆಟ್ಟಿಲಿಳಿದು ಓಡಿದ್ದು ಐವರ್‌ಸ್ಟೆಡ್ ಊರು ಕಾಣುವ ತನಕ. "ಮಾಮಾ, ಮಠಕ್ಕ ಹೊಂಟಿದ್ದಿ, ಊರಿಗೆ ಬಂದ್ಯಲ್ಲ" ಅಂತ ಹಿಂದೆ ನಗು.

ಅಲ್ಲಿಂದ ಭೂತ, ಗಟ್ಟಿ ಮೈ ಎಲ್ಲ ಬಿಟ್ಟು ಬೆಂಕಿಯೊಂದನ್ನೇ ಹಿಡಿದೆ. ಡಿಸ್ಟ್ರಕ್ಷನ್ 40 ಮುಟ್ಟಿದ ದಿನ ಇಂಪ್ಯಾಕ್ಟ್ ಅನ್ನುವ ಪರ್ಕ್ ತಗೊಂಡೆ. ಎರಡೂ ಕೈಯಲ್ಲಿ ಒಂದೇ ಮಂತ್ರ ಹಿಡಿದು ಒಟ್ಟಿಗೆ ಬಿಟ್ಟರೆ ಎದುರಿನವನು ತತ್ತರಿಸಿ ಹಿಂದೆ ಸರಿಯುತ್ತಾನೆ. ಲೆವೆಲ್ 14ರಲ್ಲಿ ಮತ್ತೆ ಅದೇ ಬಂಡೆ ಸಂದಿ. ಟ್ರೋಲ್ ಕೈ ಎತ್ತಿತು, ಬಿಟ್ಟೆ, ಕೈ ಇಳಿಯಿತು. ಮತ್ತೆ ಎತ್ತಿತು, ಮತ್ತೆ ಬಿಟ್ಟೆ. ಎರಡು ಕೈ ಮಂತ್ರಕ್ಕೆ ಮ್ಯಾಜಿಕಾ ಖರ್ಚು ಎರಡು ಪಟ್ಟಿಗಿಂತ ಜಾಸ್ತಿ, ಹಾಗಾಗಿ ಮ್ಯಾಜಿಕಾ ತುಂಬುವ ನೀಲಿ ಪೋಷನ್ ಎರಡು ಕುಡಿದೆ. ಆದರೆ ಆ ಟ್ರೋಲ್ ನನ್ನ ಮೈ ಒಮ್ಮೆಯೂ ಮುಟ್ಟಲಿಲ್ಲ. ಹಿಂದೆ ಕೂತವನೂ ಸುಮ್ಮನಾದ. ಒಂದೇ ಪರ್ಕು, ಅದರ ಮೊದಲು ಒಂದು ಆಟ, ಆಮೇಲೆ ಬೇರೆ ಆಟ.

ಹಾಗಂತ ಮುಂದೆ ದಾರಿ ನುಣುಪು ಅಂತಲ್ಲ. ಸ್ಕಿಲ್ ಏರಿದರೆ ಮಂತ್ರದ ಖರ್ಚು ಇಳಿಯುತ್ತದೆ, ಪೆಟ್ಟು ಏರುವುದಿಲ್ಲ. 25ರ ಉಂಡೆ ಕೊನೆಯವರೆಗೂ 25ರದ್ದೇ. ಬೆಂಕಿಯ ಪರ್ಕಿನಿಂದ ಸ್ವಲ್ಪ ಹೆಚ್ಚಾಗಬಹುದು, ದೊಡ್ಡ ಮಂತ್ರ ಕೊಂಡುಕೊಳ್ಳಬಹುದು, ಅಷ್ಟೇ. ಶತ್ರುಗಳ ಹೆಲ್ತ್ ಮಾತ್ರ ಏರುತ್ತಲೇ ಹೋಗುತ್ತದೆ. ಇದಕ್ಕೆ ಮದ್ದು ಎನ್‌ಚಾಂಟಿಂಗ್. ಅದನ್ನು 100ರವರೆಗೆ ಬೆಳೆಸಿ, ಟೋಪಿ, ನಿಲುವಂಗಿ, ಸರ, ಉಂಗುರ ನಾಲ್ಕಕ್ಕೂ ಶೇ. 25 ಖರ್ಚು ಇಳಿಸುವ ಶಕ್ತಿ ತುಂಬಿದರೆ ನಾಲ್ಕೂ ಸೇರಿ ಶೇ. 100. ಬೆಂಕಿ ಪುಕ್ಕಟೆ. ನಾನು ಅಲ್ಲಿಯ ತನಕ ಹೋಗಿಲ್ಲ. ದಿನಕ್ಕೆ ಒಂದೂವರೆ ತಾಸು ಸಿಗುವವನಿಗೆ ಅದು ದೂರದ ದಾರಿ.

ಬಿಲ್ಲಿಗೆ ವುಡ್ ಎಲ್ಫ್ ಜನಾಂಗ. ಶುರುವಿನಲ್ಲೇ ಒಂದು ತಮಾಷೆಯ ಇಕ್ಕಟ್ಟು. ದಾರಿಯಲ್ಲಿ ಮೂರು ಕಲ್ಲು ನಿಂತಿರುತ್ತವೆ, ಯೋಧ, ಮಂತ್ರವಾದಿ, ಕಳ್ಳ. ಮುಟ್ಟಿದ ಕಲ್ಲಿನ ಸ್ಕಿಲ್‌ಗಳು ಶೇ. 20 ಬೇಗ ಬೆಳೆಯುತ್ತವೆ. ಕದ್ದು ನಡೆಯುವುದು ಕಳ್ಳನ ಕಲ್ಲಿಗೆ ಸೇರಿದ್ದು, ಬಿಲ್ಲು ಯೋಧನ ಕಲ್ಲಿಗೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ನಾನು ಕಳ್ಳನನ್ನು ಮುಟ್ಟಿದೆ, ಯಾಕೆಂದರೆ ಬಿಲ್ಲಿಗೆ ಬೇರೆ ದಾರಿ ಇದೆ.

ಆ ದಾರಿ ರಿವರ್‌ವುಡ್ ಹಳ್ಳಿಯ ಫೇಂಡಾಲ್. ಅವನಿಗೆ ಊರಿನ ಅಂಗಡಿಯವನ ತಂಗಿ ಮೇಲೆ ಮನಸ್ಸು. ಆ ವಿಷಯದಲ್ಲಿ ಅವನ ಪರ ನಿಂತರೆ ಜೊತೆಗಾರನಾಗಿ ಬರುತ್ತಾನೆ. ಬಿಲ್ಲುಗಾರಿಕೆಯನ್ನು 50ರವರೆಗೆ ಕಲಿಸುತ್ತಾನೆ, ದುಡ್ಡಿಗೆ. ಜೊತೆಗಾರ ಅಲ್ವಾ, ಕಲಿತಾದ ಮೇಲೆ ಅವನ ಚೀಲ ತೆಗೆಸಿ ಫೀಸು ವಾಪಸ್ ತಗೊಳ್ಳಬಹುದು! ಒಂದು ಲೆವೆಲ್ಲಿಗೆ ಐದು ಪಾಠ. ಇಂಥ ಟ್ಯೂಷನ್ ಇದ್ದಿದ್ದರೆ ನಮ್ಮಕ್ಕನಿಗೆ ಎಷ್ಟು ದುಡ್ಡು ಉಳಿಯುತ್ತಿತ್ತೋ.

ಕಾಣದಂತೆ ಬಿಟ್ಟ ಬಾಣಕ್ಕೆ ಎರಡು ಪಟ್ಟು ಪೆಟ್ಟು. ಕದ್ದು ನಡೆಯುವ ಸ್ಕಿಲ್ ಸ್ನೀಕ್, ಅದರ 40ರ ಪರ್ಕ್ ತಗೊಂಡರೆ ಮೂರು ಪಟ್ಟು. ಗುಹೆಯ ಹೆಣಗಳು ಗೂಡಲ್ಲಿ ಮಲಗಿರುವಾಗಲೇ ಮುಗಿದವು. ಡ್ರ್ಯಾಗನ್ ಹಾರುತ್ತಿದ್ದರೂ ಬಾಣ ತಲುಪುತ್ತದೆ, ಕಾಯುವ ಮಾತೇ ಇಲ್ಲ. ಟ್ರೋಲ್ ಬಂದಾಗ ಅದಕ್ಕೆ ಹತ್ತಲಾಗದ ಬಂಡೆ ಹತ್ತಿ ನಿಂತೆ. ಅದು ಕೆಳಗೆ ಸುತ್ತು ಹಾಕಿತು, ನಾನು ಮೇಲಿಂದ ಬಿಟ್ಟೆ. ಮೂವರಲ್ಲಿ ಮೊದಲ ಸಲವೇ ಒಂದು ಹನಿ ರಕ್ತ ಬೀಳಿಸದೆ ಮಠ ಮುಟ್ಟಿದವನು ಇವನೊಬ್ಬನೇ.

ಬಲಕ್ಕೆ ಅಂತ ನೋಡಿದರೆ ಬಿಲ್ಲೇ ಮೇಲು, ವಾದ ಬೇಡ. ಆದರೆ ಲೆವೆಲ್ 15 ದಾಟಿದ ಮೇಲೆ ನನಗೆ ಬೇಜಾರು ಶುರುವಾಯಿತು. ಎಲ್ಲ ಗುಹೆಯೂ ಒಂದೇ ಗುಹೆ. ಬಾಗಿಲಲ್ಲಿ ಬಗ್ಗು, ಕತ್ತಲಲ್ಲಿ ಕೂತು, ಬಿಡು. ಪಕ್ಕದವನ ಎದೆಗೆ ಬಾಣ ನೆಟ್ಟು ಹೆಣ ಬಿದ್ದಿರುತ್ತದೆ. ಉಳಿದವನು ಎರಡು ನಿಮಿಷ ಹುಡುಕಿ, ಏನೋ ಇರಬೇಕು ಬಿಡು ಅಂತ ಮತ್ತೆ ಬೆಂಕಿ ಕಾಯಿಸುತ್ತಾ ಕೂರುತ್ತಾನೆ. ಬಗ್ಗಿ ನಡೆಯುವುದು ನಿಧಾನ ಬೇರೆ. ಕತ್ತಿಯವನು ಒಂದು ರಾತ್ರಿಗೆ ಮುಗಿಸಿದ ಗುಹೆ ಇವನಿಗೆ ಎರಡು ರಾತ್ರಿ. ಒಮ್ಮೆ ನಡುವೆ ಕರೆಂಟ್ ಹೋಯಿತು, ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿದೆ. ನಲವತ್ತು ನಿಮಿಷ ತೆವಳಿದ್ದು ಪೂರ್ತಿ ಹೋಯಿತು. ಅವತ್ತೇ ಬಿಲ್ಲಿನ ಮೇಲೆ ಮನಸ್ಸು ಮುರಿಯಿತು ಅನ್ನಬೇಕು.

ಮೂರಕ್ಕೂ ಸೇರಿದ ಒಂದು ಗುಂಡಿಯಿದೆ, ಕತ್ತಿಯವನು ಬಿದ್ದದ್ದು ಅದರಲ್ಲೇ. ಕಮ್ಮಾರಿಕೆ. ಕಬ್ಬಿಣದ ಅದಿರನ್ನು ಬೆಳ್ಳಿ ಮಾಡಿ, ಬೆಳ್ಳಿಯನ್ನು ಬಂಗಾರ ಮಾಡುವ ಮಂತ್ರವೊಂದು ಹಾಲ್ಟೆಡ್ ಸ್ಟ್ರೀಮ್ ಅನ್ನುವ ಕಳ್ಳರ ಬಿಡಾರದಲ್ಲಿ ಸಿಗುತ್ತದೆ. ಕುಲುಮೆ ಹತ್ತಿರ ಕೂತು ಬಂಗಾರದ ಉಂಗುರ ಮಾಡುತ್ತಾ ಹೋದೆ. ಎರಡೇ ರಾತ್ರಿಗೆ ಕಮ್ಮಾರಿಕೆ 20ರಿಂದ 60. ಪಾತ್ರದ ಲೆವೆಲ್ 10ರಿಂದ 14. ಎಷ್ಟು ಖುಷಿ! ಹೊರಗೆ ಬಂದು ಹೊಸ ಗುಹೆ ಹೊಕ್ಕರೆ ಮೊದಲಿಗಿಂತ ಗಟ್ಟಿ ಹೆಣಗಳು. ಆಟ ನಿಮ್ಮ ಲೆವೆಲ್ ನೋಡಿ ಶತ್ರುಗಳನ್ನು ಕಳಿಸುತ್ತದೆ. ಆ ಲೆವೆಲ್ ಕತ್ತಿಯಿಂದ ಬಂತೋ ಉಂಗುರದಿಂದ ಬಂತೋ ಅದಕ್ಕೆ ಲೆಕ್ಕವಿಲ್ಲ. ನನ್ನ ಕತ್ತಿ ಸ್ಕಿಲ್ ಇನ್ನೂ 28ರಲ್ಲೇ ಇತ್ತು. ಉಂಗುರ ಮಾಡಿದ ಅಕ್ಕಸಾಲಿಗನನ್ನು ಕುಸ್ತಿ ಕಣಕ್ಕೆ ಇಳಿಸಿದಂಗಾಯಿತು.

ಕಮ್ಮಾರಿಕೆ ಬೇಡ ಅಂತಲ್ಲ. ಸಾಣೆಕಲ್ಲಿನ ಹತ್ತಿರ ಸ್ವಂತ ಕತ್ತಿ ಹದ ಮಾಡಿಕೊಳ್ಳಿ, ಕವಚ ಗಟ್ಟಿ ಮಾಡಿಕೊಳ್ಳಿ. ಕವಚದ ಅಂಕ 567 ಮುಟ್ಟಿದರೆ ಪೆಟ್ಟಿನಲ್ಲಿ ಶೇ. 80 ಕಡಿತ, ಅದರ ಮೇಲೆ ಎಷ್ಟು ಏರಿಸಿದರೂ ದಂಡ. ಹೊಡೆಯುವ ಸ್ಕಿಲ್ ಜೊತೆಗೇ ಇದೂ ಏರಲಿ, ಮುಂದೆ ಓಡಬಾರದು.

ರಾತ್ರಿ ಒಂದು ತಾಸು ಆಡುವವರಿಗೆ ನಾನು ಕತ್ತಿ ಗುರಾಣಿಯನ್ನೇ ಹೇಳುತ್ತೇನೆ. ರಜೆಯಲ್ಲಿ ಕೂತು ಆಡುವ ಹುಡುಗರು ಮಂತ್ರ ಹಿಡಿಯಲಿ, ಇಂಪ್ಯಾಕ್ಟ್ ಸಿಗುವ ತನಕ ಬೇರೆಲ್ಲೂ ಒಂದು ಪರ್ಕ್ ಹಾಕದೆ. ನನಗೆ ಮಾತ್ರ ಮತ್ತೆ ಕಟ್ಟು ಅಂದರೆ ಮಂತ್ರವಾದಿಯೇ ಬೇಕು. ಟ್ರೋಲ್ ಕೈ ಇಳಿದ ಆ ಹೊತ್ತು ಬಿಲ್ಲಿನಲ್ಲಿ ಎಲ್ಲಿ ಸಿಗುತ್ತದೆ?

ಪಂದ್ಯ ಗೆದ್ದೆ ಅಂದುಕೊಂಡು ಹೋದ ಭಾನುವಾರ ಲ್ಯಾಪ್‌ಟಾಪನ್ನು ಅಳಿಯನ ಕೈಗೆ ಕೊಟ್ಟೆ. ನೀನೂ ಮಂತ್ರವಾದಿ ಕಟ್ಟಿ ತೋರಿಸು, ಬಿಲ್ಲು ಹಿಡಿದರೆ ಗಿರ್ಮಿಟ್ಟಿನ ಖರ್ಚು ನಿನ್ನದು ಅಂತ ಕರಾರು. ಗುರುವಾರ ರಾತ್ರಿ ಅಂಗಡಿಯಿಂದ ಬಂದೆ. ಅಕ್ಕ ಅಡುಗೆ ಮನೆಯಿಂದ "ಲೇ ತಮ್ಮಾ, ಅವಗ ಪರೀಕ್ಷಾ ಬಂತು, ಅದನ್ನ ಕಸ್ಕೋ ಮೊದಲ" ಅಂತ ಕೂಗುತ್ತಿದ್ದಳು. ನೋಡಿದರೆ ಸ್ಕ್ರೀನಿನಲ್ಲಿ ನಿಲುವಂಗಿ ಹಾಕಿದ ಮಂತ್ರವಾದಿ ಪೊದೆ ಹಿಂದೆ ಬಗ್ಗಿ ಕೂತಿದ್ದಾನೆ. ಕೈಯಲ್ಲಿ ನೇರಳೆ ಬಣ್ಣಕ್ಕೆ ಹೊಳೆಯುವ ಬಿಲ್ಲು.

"ಏನಲೇ ಇದು?" ಅಂದೆ.

ತಿರುಗಿಯೂ ನೋಡಲಿಲ್ಲ. "ಬೌಂಡ್ ಬೋ ಮಾಮಾ. ಇದು ಬಿಲ್ಲಲ್ಲ, ಮಂತ್ರ" ಅಂದು ಬಾಣ ಬಿಟ್ಟ.